ವೇಳಾಪಟ್ಟಿಯ ಮೊದಲ ಸಾಲು

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ನಾನು ಹಿತ್ತಲಿನಲ್ಲಿ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದ ಹೊತ್ತಿಗೆ, ನನ್ನ ಅಕ್ಕನ ಮೊಮ್ಮಗಳು ತನ್ನ ತಂದೆಯೊಡನೆ ಮನೆಗೆ ಬಂದಳು. ಅವರದು ಗುಬ್ಬಿಯಿಂದ ಒಳಕ್ಕೆ ಒಂಬತ್ತು ಕಿಲೋಮೀಟರು ದೂರದ ಹಳ್ಳಿ. ಹುಡುಗಿ ಪಿಯುಸಿಯಲ್ಲಿ ಒಳ್ಳೆಯ ಅಂಕಗಳನ್ನು ತೆಗೆದು, ತುಮಕೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೇರಿ ಎರಡು ವಾರವಾಗಿತ್ತು. ಕಾಫಿ ಕುಡಿದ ಮೇಲೆ ಅವಳ ತಂದೆ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟನು. "ಇದನ್ನು ಸ್ವಲ್ಪ ನೋಡಿ ಮಾವ. ನೀವು ಒಂದು ಮಾತು ಹೇಳಿದರೆ ಇವಳನ್ನು ಅಲ್ಲಿಂದ ಬಿಡಿಸಿ ಗುಬ್ಬಿಯಲ್ಲೇ ಬಿ.ಎ.ಗೆ ಸೇರಿಸಿಬಿಡುತ್ತೇನೆ" ಎಂದನು.

ಕಾಗದದಲ್ಲಿದ್ದುದು ಕಾಲೇಜಿನ ವೇಳಾಪಟ್ಟಿ. ಮಂಗಳವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿ; ಶುಕ್ರವಾರ ಅದೇ ಹೊತ್ತಿಗೆ ಭೌತಶಾಸ್ತ್ರದ್ದು. ಗುಬ್ಬಿಯಿಂದ ಅವರ ಊರಿಗೆ ಕೊನೆಯ ಬಸ್ಸು ಸಂಜೆ ಐದೂವರೆಗೆ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು; ಐದಕ್ಕೆ ಪ್ರಯೋಗಾಲಯದಿಂದ ಹೊರಬಿದ್ದವಳು ಯಾವ ಬಸ್ಸು ಹತ್ತಿದರೂ ಆ ಐದೂವರೆಯ ಬಸ್ಸನ್ನು ಹಿಡಿಯಲಾರಳು. ವಾರದಲ್ಲಿ ಎರಡು ದಿನ ಹದಿನೆಂಟು ವರ್ಷದ ಹುಡುಗಿ ಗುಬ್ಬಿಯ ಬಸ್ ನಿಲ್ದಾಣದಲ್ಲಿ ಕತ್ತಲಾಗುವವರೆಗೆ ನಿಲ್ಲಬೇಕು, ತಂದೆ ಹೊಲದ ಕೆಲಸ ಬಿಟ್ಟು ಬೈಕಿನಲ್ಲಿ ಬಂದು ಕರೆದೊಯ್ಯಬೇಕು. ಅವನ ಆತಂಕವನ್ನು ಅಲ್ಲಗಳೆಯಲು ನನಗೆ ಮನಸ್ಸಾಗಲಿಲ್ಲ. ಹುಡುಗಿ ಮಾತ್ರ ಒಂದು ಮಾತನ್ನೂ ಆಡದೆ ಕಾಗದವನ್ನೇ ನೋಡುತ್ತ ಕುಳಿತಿದ್ದಳು.

ಬಿ.ಎ. ಕಡಿಮೆಯದೆಂದು ನಾನು ಹೇಳುತ್ತಿಲ್ಲ. ನಾನು ಓದಿದ್ದೇ ಬಿ.ಎ. ಗುಬ್ಬಿಯಲ್ಲಿಯೂ ಕುಣಿಗಲಿನಲ್ಲಿಯೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿರುವುದು ನಮ್ಮ ಕಾಲದಲ್ಲಿ ಊಹಿಸಲೂ ಆಗದಿದ್ದ ಭಾಗ್ಯ. ಆದರೆ ಒಬ್ಬಳು ಏನನ್ನು ಓದಬೇಕೆಂಬುದನ್ನು ಐದೂವರೆಯ ಬಸ್ಸು ತೀರ್ಮಾನಿಸಬಾರದು. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಆದರೂ ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ. ನಿಮ್ಮ ಮೇಷ್ಟರ ಅಭ್ಯಾಸ ನಿಮಗೆ ಗೊತ್ತಿದ್ದದ್ದೇ.

ವೇಳಾಪಟ್ಟಿಯೆಂದರೆ ನನಗೆ ಹಳೆಯ ನಂಟು. 2011ರಲ್ಲಿ ನಿವೃತ್ತನಾಗುವವರೆಗೆ, ನಾನು ಕೆಲಸ ಮಾಡಿದ ಪ್ರೌಢಶಾಲೆಗಳಲ್ಲೆಲ್ಲ ಜೂನ್ ತಿಂಗಳು ಬಂತೆಂದರೆ ಮುಖ್ಯೋಪಾಧ್ಯಾಯರು ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟುತ್ತಿದ್ದರು. ದೊಡ್ಡದೊಂದು ಡ್ರಾಯಿಂಗ್ ಹಾಳೆ, ಸ್ಕೇಲು, ಪೆನ್ಸಿಲು, ರಬ್ಬರು. ಅಡ್ಡಕ್ಕೆ ಪೀರಿಯಡ್ಡುಗಳು, ಉದ್ದಕ್ಕೆ ತರಗತಿಗಳು. ಹಿಂದಿ ಪಂಡಿತರು ಒಬ್ಬರೇ, ತರಗತಿ ಆರು. ವಿಜ್ಞಾನದವರಿಗೆ ಜೋಡಿ ಪೀರಿಯಡ್ ಬೇಕು. ಆಟದ ಪೀರಿಯಡ್ ಕೊನೆಗೇ ಇರಬೇಕು. ಒಬ್ಬರಿಗೆ ಊಟದ ನಂತರದ ಮೊದಲ ಪೀರಿಯಡ್ ಬೇಡ, ಇನ್ನೊಬ್ಬರಿಗೆ ಶನಿವಾರದ ಕೊನೆಯ ಪೀರಿಯಡ್ ಬೇಡ. ಒಂದು ಚೌಕವನ್ನು ಬದಲಿಸಿದರೆ ಹನ್ನೆರಡು ಚೌಕಗಳು ಅಲುಗಾಡುತ್ತಿದ್ದವು. ಕೊನೆಗೆ ಎಲ್ಲ ಚೌಕಗಳೂ ತುಂಬಿ, ಯಾವ ಮೇಷ್ಟರೂ ಒಂದೇ ಹೊತ್ತಿಗೆ ಎರಡು ತರಗತಿಯಲ್ಲಿ ಇಲ್ಲವೆಂದು ಖಾತ್ರಿಯಾದಾಗ, ಪದಬಂಧ ಬಿಡಿಸಿದವನಂತೆ ಹಿಗ್ಗುತ್ತಿದ್ದೆ. ನನ್ನ ಪಟ್ಟಿಯಲ್ಲಿ ತಪ್ಪು ಹುಡುಕಿ ತೋರಿಸಿ ಎಂದು ಸಹೋದ್ಯೋಗಿಗಳಿಗೆ ಸವಾಲು ಹಾಕಿದ್ದೂ ಉಂಟು.

ಆ ಪಟ್ಟಿಯಲ್ಲಿ ತಪ್ಪಿತ್ತು. ಹತ್ತು ವರ್ಷ ಇತ್ತು. ಬೆಳಗಿನ ಹೊತ್ತು ಬುದ್ಧಿ ಚುರುಕಾಗಿರುತ್ತದೆಂದು ನಾನು ಹತ್ತನೆಯ ತರಗತಿಯ ಗಣಿತವನ್ನು ಯಾವಾಗಲೂ ಮೊದಲ ಪೀರಿಯಡ್ಡಿಗೇ ಹಾಕುತ್ತಿದ್ದೆ. ಪ್ರಾರ್ಥನೆ ಮುಗಿದು ಹತ್ತು ಗಂಟೆ ಹತ್ತು ನಿಮಿಷಕ್ಕೆ ಪಾಠ ಆರಂಭ. ಒಂದು ದಿಕ್ಕಿನ ನಾಲ್ಕಾರು ಹಳ್ಳಿಗಳ ಮಕ್ಕಳು ಬರುತ್ತಿದ್ದುದು ಹತ್ತೂ ಇಪ್ಪತ್ತೈದರ ಬಸ್ಸಿಗೆ. ಬಂದವರನ್ನು ತಡವಾಯಿತೆಂದು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆವು, ನಾನೂ ನಿಲ್ಲಿಸಿದ್ದೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಗಣಿತದಲ್ಲಿ ಅನುತ್ತೀರ್ಣರಾದವರ ಪಟ್ಟಿ ನೋಡಿ, ಆ ಹಳ್ಳಿಗಳ ಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲವೆಂದು ಶಿಕ್ಷಕರ ಕೊಠಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಅದು ತಪ್ಪೆಂದು ತೋರಿಸಿದವರು ಶಿಕ್ಷಣ ತಜ್ಞರಲ್ಲ. ತರಗತಿಯಿಂದ ತರಗತಿಗೆ ಹಾಜರಾತಿ ಪುಸ್ತಕ ಒಯ್ಯುತ್ತಿದ್ದ ನಮ್ಮ ಶಾಲೆಯ ಜವಾನ ಒಂದು ದಿನ, "ಆ ಕಡೆ ಮಕ್ಕಳು ಲೆಕ್ಕದ ಪಾಠ ಕೇಳಿದ್ದು ಯಾವತ್ತು ಸಾರ್? ಅವರು ಬರೋ ಹೊತ್ತಿಗೆ ಅರ್ಧ ಮುಗಿದಿರ್ತದಲ್ಲ" ಎಂದನು. ಮರುವರ್ಷ ಗಣಿತವನ್ನು ಮೂರನೆಯ ಪೀರಿಯಡ್ಡಿಗೆ ಸರಿಸಿದೆ. ಅರ್ಧ ಗಂಟೆಯ ಕೆಲಸ, ರಬ್ಬರು ಮತ್ತು ಪೆನ್ಸಿಲು ಸಾಕಾಯಿತು. ಆ ಹತ್ತು ವರ್ಷಗಳಲ್ಲಿ ಬಾಗಿಲ ಹೊರಗೆ ನಿಂತವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ನಿಮ್ಮ ತಡಕ್ಕೆ ಕಾರಣ ನೀವಾಗಿರಲಿಲ್ಲ. ಇದನ್ನು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

ಇದರಲ್ಲಿ ಇನ್ನೂ ನಾಚಿಕೆಯ ಸಂಗತಿಯೆಂದರೆ, ನಾನೇ ಬಸ್ಸಿನ ಹುಡುಗನಾಗಿದ್ದವನು. 1970ರ ಸುಮಾರಿಗೆ ಕುಣಿಗಲು ಕಡೆಯ ನಮ್ಮೂರಿನಿಂದ ತುಮಕೂರಿಗೆ ಹೋಗಿ ಪದವಿ ಓದಿದೆ. ಐಚ್ಛಿಕ ಕನ್ನಡ ತೆಗೆದುಕೊಳ್ಳಬೇಕೆಂಬ ಆಸೆ ಬಹಳವಿತ್ತು. ಆ ತರಗತಿಗಳು ದಿನದ ಕೊನೆಗಿದ್ದವು. ನಮ್ಮೂರ ಬಸ್ಸು ಅದಕ್ಕೂ ಮುಂಚೆ. ಹೀಗಾಗಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ ಸಮಾಜ ವಿಜ್ಞಾನದ ಮೇಷ್ಟರಾದೆ. ಅದರಿಂದ ಬದುಕೇನೂ ಕೆಡಲಿಲ್ಲ. ಆದರೂ ಹಳಗನ್ನಡದ ಪದ್ಯವನ್ನು ಯಾರಾದರೂ ಬಿಡಿಸಿ ಹೇಳುವಾಗ ಇಂದಿಗೂ ಆ ಬಸ್ಸಿನ ನೆನಪಾಗುತ್ತದೆ.

ಈಗ ಮೊಮ್ಮಗಳ ವಿಷಯಕ್ಕೆ ಬರೋಣ. ಹೊಸದಾಗಿ ಕಾಲೇಜು ಸೇರಿದ ಮಕ್ಕಳು ವೇಳಾಪಟ್ಟಿಯನ್ನು ನೋಟಿಸು ಬೋರ್ಡಿನಿಂದ ಫೋನಿನಲ್ಲಿ ಚಿತ್ರ ತೆಗೆದುಕೊಂಡು ಬಂದು, ಅದೇ ತಮ್ಮ ವೇಳಾಪಟ್ಟಿಯೆಂದು ತಿಳಿಯುತ್ತಾರೆ. ಅದು ಕಾಲೇಜಿನ ವೇಳಾಪಟ್ಟಿ. ಕೊಠಡಿಗಳಿಗೂ ಉಪನ್ಯಾಸಕರಿಗೂ ಸಂಬಂಧಪಟ್ಟದ್ದು. ವಿದ್ಯಾರ್ಥಿಯ ವೇಳಾಪಟ್ಟಿಯನ್ನು ವಿದ್ಯಾರ್ಥಿಯೇ ಬರೆದುಕೊಳ್ಳಬೇಕು. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ, ಹಿಂಬದಿಯಲ್ಲಿ ಆರು ಕಂಬಗಳನ್ನು ಎಳೆದು, "ಮಗೂ, ಮೊದಲ ಸಾಲಿನಲ್ಲಿ ಬಸ್ಸನ್ನು ಬರಿ" ಎಂದೆ. ಅವಳು ಬೆಳಿಗ್ಗೆ ಏಳೂ ಹತ್ತು, ಸಂಜೆ ಐದೂವರೆ ಎಂದು ಬರೆದಳು. ಆಮೇಲೆ ಮನೆಯಲ್ಲಿ ಅವಳಿಂದ ತಪ್ಪಿಸಿಕೊಳ್ಳಲಾಗದ ಕೆಲಸಗಳು. ಹಸುವಿಗೆ ಹುಲ್ಲು, ಅಜ್ಜಿಯ ಮಾತ್ರೆ. ಅನಂತರ ಊಟ, ನಿದ್ರೆ. ತರಗತಿಗಳು ಬಂದದ್ದು ಕೊನೆಗೆ. ಅವಳ ತಂದೆ ಬಗ್ಗಿ ನೋಡಿ, "ಇಷ್ಟೇನಾ ಓದಲಿಕ್ಕೆ ಉಳಿಯೋದು?" ಎಂದನು. ಇಡೀ ವಾರದ ಬಿಳಿಯ ಚೌಕಗಳು ಒಂದು ಅಂಗೈಯಲ್ಲಿ ಮುಚ್ಚುವಷ್ಟಿದ್ದವು.

ಈಗಿನ ಪದವಿ ಶಿಕ್ಷಣದಲ್ಲಿ ಎಲ್ಲಕ್ಕೂ ಕ್ರೆಡಿಟ್ ಎಂಬ ಅಳತೆಯಿದೆ. ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಾಯೋಗಿಕ ತರಗತಿ ಒಂದು ಸೆಮಿಸ್ಟರಿನುದ್ದಕ್ಕೂ ನಡೆದರೆ ಅದು ಒಂದು ಕ್ರೆಡಿಟ್. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ: ಪಾಠ, ಪ್ರಯೋಗ, ಮನೆಯ ಓದು ಎಲ್ಲ ಸೇರಿ ವರ್ಷಕ್ಕೆ 1200 ಗಂಟೆಗಳ ಕಲಿಕೆ, ಅದಕ್ಕೆ 40 ಕ್ರೆಡಿಟ್, ಎಂದರೆ ಒಂದು ಕ್ರೆಡಿಟ್ಟಿಗೆ 30 ಗಂಟೆ. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಕುಣಿಗಲಿನ ಹುಡುಗನೊಬ್ಬನನ್ನು ತೆಗೆದುಕೊಳ್ಳಿ. ಹೆಬ್ಬೂರು, ಗೂಳೂರುಗಳ ಮೇಲೆ ತುಮಕೂರಿಗೆ ಸುಮಾರು 35 ಕಿಲೋಮೀಟರು. 2017ರಲ್ಲಿ ಕುಣಿಗಲಿನ ಮೇಲೆ ಹಾಸನದ ರೈಲುಮಾರ್ಗ ಪೂರ್ಣಗೊಂಡಿತು, ನಿಜ. ಆದರೆ ಅದು ಬೆಂಗಳೂರಿಗೆ ಒಯ್ಯುತ್ತದೆಯೇ ಹೊರತು ತುಮಕೂರಿಗಲ್ಲ. ಬಸ್ಸೇ ಗತಿ. ಕಾಯುವುದೂ ಸೇರಿ ಹೋಗಿ ಬರಲು ದಿನಕ್ಕೆ ಮೂರು ಗಂಟೆಯೆಂದಿಟ್ಟುಕೊಳ್ಳಿ. ವಾರಕ್ಕೆ 18 ಗಂಟೆ. ಹದಿನೈದು ವಾರದ ಸೆಮಿಸ್ಟರಿಗೆ 270 ಗಂಟೆ. ಚೌಕಟ್ಟಿನ ಲೆಕ್ಕದಲ್ಲೇ ಅದು ಒಂಬತ್ತು ಕ್ರೆಡಿಟ್ಟುಗಳಷ್ಟು ಕಾಲ. ಬಿ.ಎಚ್. ರಸ್ತೆಯ ಪಕ್ಕದ ಮನೆಯಿಂದ ನಡೆದು ಬರುವ ಸಹಪಾಠಿಗಿಂತ ಎರಡು ವಿಷಯಗಳಷ್ಟು ಹೆಚ್ಚಿನ ಹೊರೆಯನ್ನು ಆ ಹುಡುಗ ಪ್ರತಿ ಸೆಮಿಸ್ಟರಿನಲ್ಲೂ ಹೊರುತ್ತಾನೆ. ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಹಾಜರಾತಿಯ ಲೆಕ್ಕ ಇದಕ್ಕಿಂತ ಕಠೋರ. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ ನೂರಕ್ಕೆ 75ರಷ್ಟು ಹಾಜರಾತಿ ಬೇಕು. ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ತರಗತಿಗಳಿದ್ದು, ಅವುಗಳಲ್ಲಿ ಒಂದು ದಿನದ ಮೊದಲ ತರಗತಿಯಾಗಿದ್ದರೆ, ಬಸ್ಸಿನ ಕಾರಣದಿಂದ ಅದನ್ನು ನಿತ್ಯವೂ ತಪ್ಪಿಸಿಕೊಳ್ಳುವವನ ಹಾಜರಾತಿ ಸರಿಯಾಗಿ 75ಕ್ಕೆ ನಿಲ್ಲುತ್ತದೆ. ಸೆಮಿಸ್ಟರಿನಲ್ಲಿ ಒಂದೇ ದಿನ ಜ್ವರ ಬಂದರೂ ಅವನು ಕೆಳಗಿಳಿದ. ಎರಡು ತರಗತಿಗಳು ಮೊದಲ ಗಂಟೆಗೆ ಬಿದ್ದರಂತೂ 50. ಒಂದೇ ವಿಷಯವನ್ನು ವಾರವಿಡೀ ಮೊದಲ ಗಂಟೆಗೆ ಹಾಕುವ ಪಟ್ಟಿಗಳನ್ನು ನಾನು ಕಂಡಿದ್ದೇನೆ. ಹಾಗೆ ಹಾಕಿದವನೇ ನಾನು. ಆದುದರಿಂದ ಹೊಸ ವಿದ್ಯಾರ್ಥಿಗಳು ಮೊದಲ ವಾರದಲ್ಲೇ ಈ ಲೆಕ್ಕ ಹಾಕಿಕೊಳ್ಳಬೇಕು: ಯಾವ ವಿಷಯದ ಎಷ್ಟು ತರಗತಿಗಳು ನನ್ನ ಬಸ್ಸಿಗಿಂತ ಮುಂಚೆ ಇವೆ? ಡಿಸೆಂಬರಿನಲ್ಲಿ ಕಚೇರಿಯ ಕಿಟಕಿಯ ಮುಂದೆ ನಿಂತು ಅಳುವುದಕ್ಕಿಂತ ಆಗಸ್ಟಿನಲ್ಲಿ ಅಧ್ಯಾಪಕರ ಮುಂದೆ ನಿಂತು ಹೇಳುವುದು ಸುಲಭ.

ನನ್ನ ಶಿಷ್ಯನೊಬ್ಬ ಅಮೆರಿಕದಲ್ಲಿದ್ದಾನೆ. ಅವನ ಮಗ ಅಲ್ಲಿ ವಿಶ್ವವಿದ್ಯಾನಿಲಯ ಸೇರಿದಾಗ ವಿಷಯಗಳನ್ನೂ ಅವುಗಳ ವೇಳೆಯನ್ನೂ ತಾನೇ ಕಂಪ್ಯೂಟರಿನಲ್ಲಿ ಆರಿಸಿಕೊಂಡನಂತೆ. ಒಂದೇ ವಿಷಯವನ್ನು ಬೆಳಿಗ್ಗೆಯೂ ಸಂಜೆಯೂ ಬೇರೆಬೇರೆ ಗುಂಪುಗಳಿಗೆ ಕಲಿಸುತ್ತಾರೆ. ಬೇಕಾದ ಗುಂಪಿಗೆ ಹೆಸರು ಹಚ್ಚಬಹುದು. ನಮ್ಮಲ್ಲಿ ಅಷ್ಟು ಉಪನ್ಯಾಸಕರಾದರೂ ಎಲ್ಲಿದ್ದಾರೆ? 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿಯೂ ಮುಕ್ತ ಆಯ್ಕೆಯ ವಿಷಯಗಳೂ ಬಂದಾಗ ನಾನೂ ಆಸೆಯಿಂದ ನೋಡಿದೆ. ಆಯ್ಕೆಯೆಂಬುದು ಬಹುಮಟ್ಟಿಗೆ ಯಾವ ಅಧ್ಯಾಪಕರು ಯಾವ ಹೊತ್ತಿಗೆ ಬಿಡುವಾಗಿದ್ದಾರೆ ಎಂಬುದರ ಮೇಲೆ ನಿಂತಿತ್ತು. 2024-25ರಿಂದ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ನೀತಿಗಳು ಬರುತ್ತವೆ, ಹೋಗುತ್ತವೆ. ಐದೂವರೆಯ ಬಸ್ಸು ಅಲ್ಲೇ ಇದೆ.

ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ನನ್ನ ಶಿಷ್ಯರಿಗೆ ಒಂದು ಮಾತು. ವೇಳಾಪಟ್ಟಿ ಮಾಡುವ ಮೊದಲು ಪ್ರವೇಶ ಪಡೆದವರ ಊರುಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಅರ್ಜಿಯಲ್ಲಿ ವಿಳಾಸವಿರುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಪ್ರಾಯೋಗಿಕ ತರಗತಿಗಳ ತಂಡಗಳನ್ನು ಹಾಜರಾತಿ ಸಂಖ್ಯೆಯ ಪ್ರಕಾರ ಒಂದರಿಂದ ಇಪ್ಪತ್ತು, ಇಪ್ಪತ್ತೊಂದರಿಂದ ನಲವತ್ತು ಎಂದು ಕತ್ತರಿಸುವ ಬದಲು ದೂರದ ಊರಿನವರನ್ನು ಬೆಳಗಿನ ತಂಡಕ್ಕೂ ನಗರದವರನ್ನು ಮಧ್ಯಾಹ್ನದ ತಂಡಕ್ಕೂ ಹಾಕಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ಮೊದಲ ಗಂಟೆಯನ್ನು ವಿಷಯಗಳ ನಡುವೆ ಸರದಿಯಲ್ಲಿ ಹಂಚಬಹುದು. ಇದನ್ನು ಉಪನ್ಯಾಸಕ ಮಿತ್ರರೊಬ್ಬರಿಗೆ ಹೇಳಿದಾಗ ಅವರು, "ಸಾರ್, ಬಸ್ಸು ನಮ್ಮ ಜವಾಬ್ದಾರಿಯಲ್ಲ. ಅತಿಥಿ ಉಪನ್ಯಾಸಕರು ಬರುವವರೆಗೆ ನಮ್ಮ ಪಟ್ಟಿಯೇ ನಿಲ್ಲುವುದಿಲ್ಲ, ಒಂದು ಪ್ರಯೋಗಾಲಯ, ಮೂರು ತರಗತಿ" ಎಂದರು. ಅವರ ಕಷ್ಟ ನಿಜ. ನಾನೂ ಹಿಂದಿ ಪಂಡಿತರೊಬ್ಬರನ್ನು ಆರು ತರಗತಿಗೆ ಹಂಚಿದವನು. ಆದರೆ ಬಸ್ಸನ್ನು ಓಡಿಸಿರೆಂದು ಯಾರೂ ಕಾಲೇಜನ್ನು ಕೇಳುತ್ತಿಲ್ಲ. ಕೊಠಡಿ ಎಷ್ಟು, ಅಧ್ಯಾಪಕರು ಎಷ್ಟು ಎಂದು ಬರೆದುಕೊಳ್ಳುವ ಹಾಳೆಯಲ್ಲಿ ಬಸ್ಸು ಎಷ್ಟಕ್ಕೆ ಎಂಬುದನ್ನೂ ಬರೆದುಕೊಳ್ಳಿ ಎಂಬುದಷ್ಟೇ ಕೋರಿಕೆ. ನಮ್ಮ ಗುಬ್ಬಿಯ ನಾಟಕ ಕಂಪನಿಯವರಿಗೆ ಈ ವಿವೇಕವಿತ್ತು ಎಂದು ನಾನು ತಮಾಷೆಗೆ ಹೇಳುವುದುಂಟು. ಕಂಪನಿ ನಾಟಕ ಉಂಡು ಬಂದವರಿಗಾಗಿ ತಡರಾತ್ರಿ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ಕತ್ತಲಲ್ಲಿ ಊರಿಗೆ ಹೋಗುವುದು ಹೇಗೆಂಬ ಚಿಂತೆ ಪ್ರೇಕ್ಷಕನಿಗಿರಲಿಲ್ಲ.

ತುಮಕೂರು ವಿಶ್ವವಿದ್ಯಾನಿಲಯವು 2004ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಸ್ಥಾಪನೆಯಾದಾಗ ಜಿಲ್ಲೆಯ ಮಕ್ಕಳಿಗೆ ಉನ್ನತ ಶಿಕ್ಷಣ ಹತ್ತಿರವಾಗಲೆಂಬುದೇ ಆಶಯವಾಗಿತ್ತು. ಹತ್ತಿರವೆಂಬುದನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯಲಾಗದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿತು. ಇದನ್ನು ಹೀಯಾಳಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಬಸ್ಸಿನ ದುಡ್ಡಿಗಾಗಿ ಶಾಲೆ ಬಿಟ್ಟ ಹುಡುಗಿಯರ ಹೆಸರುಗಳನ್ನು ನಾನು ಹಾಜರಾತಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದವನು. ಆದರೆ ಟಿಕೆಟ್ಟಿಲ್ಲದ ಬಸ್ಸೂ ಹೊತ್ತಿಗೆ ಬಂದರೆ ತಾನೇ ಪ್ರಯೋಜನ? ಬೆಳಿಗ್ಗೆ ತುಂಬಿ ಬಂದ ಬಸ್ಸು ಹಳ್ಳಿಯ ಗೇಟಿನಲ್ಲಿ ನಿಲ್ಲದೆ ಹೋದರೆ ಮೊದಲ ಗಂಟೆ ಹೋಯಿತೆಂದೇ ಲೆಕ್ಕ.

ಓದಿಗೆ ಉಳಿಯುವ ಹೊತ್ತಿನ ವಿಚಾರವಾಗಿ ನಾನು ಹುಡುಗಿಗೆ ಹೇಳಿದ್ದು ಕಡಿಮೆ. ರಾತ್ರಿ ಹತ್ತರವರೆಗೆ ಓದುತ್ತೇನೆಂದು ಬರೆದಿದ್ದಳು; ಐದಕ್ಕೆ ಏಳುವವಳು ಹತ್ತರವರೆಗೆ ಓದುವುದು ಕಾಗದದ ಮೇಲೆ ಮಾತ್ರವೆಂದು ಹೇಳಿ ಹೊಡೆಸಿದೆ. ಬುಧವಾರ ಹನ್ನೊಂದರಿಂದ ಒಂದರವರೆಗೆ ಅವಳಿಗೆ ತರಗತಿಯಿಲ್ಲ. ಆ ಚೌಕವನ್ನು ಅವಳು ಖಾಲಿ ಬಿಟ್ಟಿದ್ದಳು. ಅಲ್ಲಿ 'ಗ್ರಂಥಾಲಯ' ಎಂದು ಬರೆಸಿದೆ. ಬಸ್ಸಿನ ಮಕ್ಕಳಿಗೆ ಮನೆಯಲ್ಲಿ ಸಿಗದ ಎರಡು ಗಂಟೆ ಕಾಲೇಜಿನಲ್ಲಿ ಹೀಗೆ ಬಿದ್ದಿರುತ್ತದೆ. ಸ್ನೇಹಿತೆಯರೊಡನೆ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟರೆ ಮುಗಿಯಿತು. ಪ್ರಯೋಗದ ರೆಕಾರ್ಡನ್ನು ಅದೇ ವಾರ ಬರೆಯುವುದು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕರೆ ಓದುವ ಬದಲು ಕಣ್ಣುಮುಚ್ಚುವುದು. ಈ ಕೊನೆಯ ಸಲಹೆ ಅವಳಿಗೆ ಬಹಳ ಹಿಡಿಸಿತು.

ಅನಂತರ ಒಂದು ಪತ್ರ ಬರೆದೆವು. ರಸಾಯನಶಾಸ್ತ್ರಕ್ಕೆ ಎರಡು ತಂಡಗಳಿದ್ದು, ಇನ್ನೊಂದು ತಂಡಕ್ಕೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಪ್ರಯೋಗವಿರುವುದು ಪಟ್ಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು; ಅಪ್ಪ ಮಗಳು ಇಬ್ಬರೂ ಅದನ್ನು ಗಮನಿಸಿರಲಿಲ್ಲ. ವಿಭಾಗದ ಮುಖ್ಯಸ್ಥರಿಗೆ, ಬಸ್ಸಿನ ವೇಳೆಯನ್ನು ನಮೂದಿಸಿ, ತಂಡ ಬದಲಿಸಿಕೊಡಬೇಕೆಂದು ಎಂಟು ಸಾಲಿನ ವಿನಂತಿ. ಅವಳ ಕೈಯಲ್ಲೇ ಬರೆಸಿದೆ. ನಾನು ಕಾಗುಣಿತ ಮಾತ್ರ ನೋಡಿದೆ. ಸೋಮವಾರ ಕೊಟ್ಟಳು, ಬುಧವಾರ ಒಪ್ಪಿಗೆ ಸಿಕ್ಕಿತು. ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಇದನ್ನು ಮೊದಲೇ ಯಾಕಮ್ಮ ಹೇಳಲಿಲ್ಲ?"

ಶುಕ್ರವಾರದ ಭೌತಶಾಸ್ತ್ರ ಮಾತ್ರ ಬದಲಾಗಲಿಲ್ಲ. ಆ ವಿಷಯಕ್ಕೆ ಒಂದೇ ತಂಡ. ಗುಬ್ಬಿಗೆ ರೈಲಿದೆಯಲ್ಲ ಎಂದು ಯೋಚಿಸಿದೆವು. ಗುಬ್ಬಿಗೆ ಹೋಗಬಹುದು, ಗುಬ್ಬಿಯಿಂದ ಮುಂದಕ್ಕೆ ಅದೇ ಕಥೆ. ಕೊನೆಗೆ ನನ್ನ ಮನೆಯಾಕೆಯೇ ಒಳಗಿನಿಂದ ಬಂದು, ಶುಕ್ರವಾರ ರಾತ್ರಿ ಇಲ್ಲೇ ಇರಲಿ, ಶನಿವಾರ ಕಾಲೇಜು ಮುಗಿಸಿಕೊಂಡು ಊರಿಗೆ ಹೋಗಲಿ ಎಂದು ತೀರ್ಪು ಕೊಟ್ಟಳು. ಬಿ.ಎ.ಯ ಮಾತು ಅಲ್ಲಿಗೆ ನಿಂತಿತು.

ಆದರೆ ಆ ಒಂದೇ ತಂಡದಲ್ಲಿ ನಿಟ್ಟೂರು ಕಡೆಯವಳೊಬ್ಬಳೂ ಹೆಬ್ಬೂರಿನ ಒಳಗಿನ ಹಳ್ಳಿಯವಳೊಬ್ಬಳೂ ಇದ್ದಾರಂತೆ. ಅವರಿಗೆ ತುಮಕೂರಿನಲ್ಲಿ ತಾತನಿಲ್ಲ. ಹೆಬ್ಬೂರಿನವಳು ಶುಕ್ರವಾರದ ಪ್ರಯೋಗಕ್ಕೆ ನಾಲ್ಕು ಗಂಟೆಯವರೆಗೆ ಮಾತ್ರ ನಿಂತು ಹೊರಟುಬಿಡುತ್ತಾಳೆ. ಅವಳ ರೆಕಾರ್ಡಿನಲ್ಲಿ ಕೊನೆಯ ಭಾಗ ಯಾವಾಗಲೂ ಬೇರೆಯವರಿಂದ ನೋಡಿ ಬರೆದದ್ದು. ತುಮಕೂರಿನಲ್ಲಿ ಮನೆ ಮಾಡಿಕೊಂಡಿರುವ ನನ್ನ ಶಿಷ್ಯರು ನಲವತ್ತಕ್ಕೂ ಹೆಚ್ಚು ಮಂದಿ ಇದ್ದೀರಿ. ಹನುಮಂತಪುರ, ಸರಸ್ವತಿಪುರ, ಕ್ಯಾತ್ಸಂದ್ರ ಎಲ್ಲ ಕಡೆ ಇದ್ದೀರಿ. ನಿಮ್ಮ ಬಂಧುಗಳ, ಊರಿನವರ ಮಕ್ಕಳು ಯಾರಾದರೂ ಈ ವರ್ಷ ಕಾಲೇಜು ಸೇರಿದ್ದರೆ, ಅವರ ಬಸ್ಸು ಎಷ್ಟಕ್ಕೆಂದು ಒಮ್ಮೆ ಕೇಳಿನೋಡಿ.

ಕಳೆದ ಶುಕ್ರವಾರ ಸಂಜೆ ಐದೂಮುಕ್ಕಾಲಿಗೆ ಹುಡುಗಿ ಬಂದಳು. ಸರಳ ಲೋಲಕದ ಪ್ರಯೋಗವಂತೆ. ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ಬರೆದುಕೊಂಡು ಬಂದಿದ್ದಳು. ರಾತ್ರಿ ಊಟವಾದ ಮೇಲೆ ನನ್ನ ಮೇಜಿನ ಮೇಲೆ ರೆಕಾರ್ಡು ಹರಡಿಕೊಂಡು ಕುಳಿತಳು. ಸ್ಕೇಲು ಬೇಕೆಂದಳು. ಡ್ರಾಯರಿನಲ್ಲಿ ಹುಡುಕಿ, ವೇಳಾಪಟ್ಟಿಗೆ ಗೆರೆ ಎಳೆಯುತ್ತಿದ್ದ ನನ್ನ ಹಳೆಯ ಮರದ ಸ್ಕೇಲನ್ನು ತೆಗೆದುಕೊಟ್ಟೆ.